ಲೆಕ್ಕದ ಮೇಷ್ಟ್ರ ಇನ್ನೊಂದು ಪುಸ್ತಕ

ಪ್ರತಿ ತಿಂಗಳೂ ಈ ಪುಟದಲ್ಲಿ ವ್ಯಾಪಾರ, ವ್ಯವಹಾರ, ಮನೆ, ಮಕ್ಕಳು ಎಂದು ನಾಲ್ಕು ಮಾತು ಬರೆಯುವುದು ರೂಢಿ. ಈ ಸಲ ವಾಚಕ ಬಂಧುಗಳು ಮನ್ನಿಸಬೇಕು. ಬಾಗಲೂರಿನ ನಮ್ಮ ಅಂಗಡಿಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಲೆಕ್ಕ ಬರೆದ ಗೆಳೆಯರೊಬ್ಬರು ಕಳೆದ ಮಾರ್ಗಶಿರದಲ್ಲಿ ತೀರಿಕೊಂಡರು. ಅವರ ಬಟ್ಟೆ ಚೀಲ ಇನ್ನೂ ಅಂಗಡಿಯ ಗೋಡೆಯ ಮೊಳೆಯಲ್ಲೇ ತೂಗಾಡುತ್ತಿದೆ. ತೆಗೆದಿಡೋಣವೆಂದು ದಿನವೂ ಅಂದುಕೊಳ್ಳುತ್ತೇನೆ, ಕೈ ಏಳುವುದಿಲ್ಲ. ಆದ್ದರಿಂದ ಈ ತಿಂಗಳು ಅವರ ಮಾತನ್ನೇ ಬರೆಯುತ್ತೇನೆ.

ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾಗುವುದೆಂದರೆ ಅವರಿಗೆ ಸಂಕೋಚ. ಪೇಟೆಯವರೆಲ್ಲ ‘ಲೆಕ್ಕದ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ.

1988ರಲ್ಲಿ ನಮ್ಮ ತಂದೆಯವರು ಅವರನ್ನು ಅಂಗಡಿಗೆ ಕರೆತಂದರು. ಆಗ ಅವರಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ರಾಗಿ ಬೆಳೆಯುವ ಮನೆತನ, ಮನೆಮಾತು ಕನ್ನಡ. ಗಿರಾಕಿ ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲಿ, ತಮಿಳಿನಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ನಮ್ಮ ಗಡಿ ಸೀಮೆಯಲ್ಲಿ ಇದೇನೂ ದೊಡ್ಡ ವಿದ್ಯೆಯಲ್ಲ, ಆದರೆ ಮೂರು ಭಾಷೆಯಲ್ಲೂ ಅವರ ಮಾತು ಮೆತ್ತಗಿರುತ್ತಿತ್ತು. ಆಗ ನಮ್ಮೂರು ಧರ್ಮಪುರಿ ಜಿಲ್ಲೆಗೆ ಸೇರಿತ್ತು. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾದಾಗ ರಶೀದಿ ಪುಸ್ತಕಗಳ ಮೇಲಿನ ವಿಳಾಸವನ್ನು ಒಂದೊಂದಾಗಿ ಕೈಯಲ್ಲೇ ತಿದ್ದಿದವರು ಮೇಷ್ಟ್ರು. “ಅಚ್ಚು ಹಾಕಿಸಿದ ಕಾಗದ ಯಾಕೆ ಹಾಳುಮಾಡಬೇಕು?” ಎಂಬುದು ಅವರ ಮಾತು. ಗಿರಾಕಿಗಳ ಎದುರಿಗೆ ನನ್ನನ್ನು ‘ಯಜಮಾನ್ರೇ’ ಎನ್ನುತ್ತಿದ್ದರು. ಅಂಗಡಿ ಬಾಗಿಲು ಹಾಕಿದ ಮೇಲೆ ‘ಏನಪ್ಪಾ’. ಆ ‘ಏನಪ್ಪಾ’ ಕೇಳಲು ನಾನು ಬಾಗಿಲು ಹಾಕುವ ಹೊತ್ತನ್ನು ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಆರು ದಿನ ಗಾದಿಯ ಮೇಲೆ ಕುಳಿತ ಮನುಷ್ಯ ಏಳನೆಯ ದಿನ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಒಂದು ವಾರ ದಕ್ಷಿಣ ಪಿನಾಕಿನಿಯ ದಡ, ಇನ್ನೊಂದು ವಾರ ಕೆಲವರಪಳ್ಳಿ ಅಣೆಕಟ್ಟೆಯ ಹಿನ್ನೀರು. ಮತ್ತೊಮ್ಮೆ ರಾಯಕೋಟೆಯ ಗುಡ್ಡ ಹತ್ತಿ ಹಳೆಯ ಕೋಟೆಯಲ್ಲಿ ಕುಳಿತು ಬರುವುದು. ಎರಡು ದಿನ ರಜೆ ಸಿಕ್ಕರೆ ಹೊಸೂರಿಗೆ ಹೋಗಿ ತಳಿಯ ಬಸ್ಸು ಹಿಡಿದು ಜವಳಗಿರಿಯ ಕಾಡಿನಂಚು. “ಅಲ್ಲಿ ಏನಿದೆ ಮೇಷ್ಟ್ರೇ?” ಎಂದು ಕೇಳಿದರೆ, “ಬಂದರೆ ಗೊತ್ತಾಗುತ್ತೆ” ಎನ್ನುವರು. ಮೂವತ್ತು ವರ್ಷ ಕರೆದರು. ನಾನು ಹೋದದ್ದು ನಾಲ್ಕು ಸಲ.

ಜವಳಗಿರಿ, ಅಂಚೆಟ್ಟಿ, ಡೆಂಕಣಿಕೋಟೆಗಳ ಹೆಸರು ಹೊರಗಿನ ಲೋಕಕ್ಕೆ ಪರಿಚಯವಾದದ್ದು ಬೇಟೆಗಾರ ಕೆನೆತ್ ಆಂಡರ್ಸನ್ ಅವರ ಪುಸ್ತಕಗಳಿಂದ. 1954ರಲ್ಲಿ ಬಂದ ಅವರ ಮೊದಲ ಪುಸ್ತಕ ತೆರೆದುಕೊಳ್ಳುವುದೇ ಜವಳಗಿರಿಯ ಹುಲಿಯಿಂದ. ಅವರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದದ್ದನ್ನು ಮೇಷ್ಟ್ರು ಓದಿ ಓದಿ ಹಾಳೆ ಸವೆಸಿದ್ದರು. ಆದರೆ ಕೋವಿಯ ಕಡೆ ಅವರ ಮನಸ್ಸು ಹೋಗಲಿಲ್ಲ. “ಹುಲಿ ಹೊಡೆದದ್ದಲ್ಲಪ್ಪಾ, ಅದರ ಹೆಜ್ಜೆ ನೋಡಿಕೊಂಡು ನಡೆದಾರಲ್ಲ, ಅದು ದೊಡ್ಡದು” ಎನ್ನುತ್ತಿದ್ದರು.

ನಮ್ಮ ಮಕ್ಕಳನ್ನು ಅವರೇ ಹೊಳೆಯ ದಡಕ್ಕೆ ಕರೆದೊಯ್ಯುತ್ತಿದ್ದರು. ಮಿಂಚುಳ್ಳಿ ಯಾವುದು, ನೀರುಕಾಗೆ ಯಾವುದು, ಮುಳುಗಿ ದೂರದಲ್ಲಿ ಏಳುವ ಗುಳುಮುಳುಕ ಯಾವುದು ಎಂದು ಮಕ್ಕಳು ಕಲಿತದ್ದು ಅವರಿಂದ. ನಮ್ಮ ಮನೆಯ ಕ್ರಮ ಅವರಿಗೆ ಬಾಯಿಪಾಠವಾಗಿತ್ತು. ಎಲ್ಲಿದ್ದರೂ ಹೊತ್ತು ಮುಳುಗುವ ಮುಂಚೆ ಬುತ್ತಿ ಬಿಚ್ಚಿಸಿ, ಮಕ್ಕಳಿಗೆ ಉಣ್ಣಿಸಿ, ನೀರು ಸೋಸಿ ಕುಡಿಸಿಯೇ ಕರೆತರುತ್ತಿದ್ದರು. ನನ್ನ ಮನೆಯವರು ಇದನ್ನು ಇಂದಿಗೂ ನೆನೆಯುತ್ತಾರೆ.

ಅವರ ಬಳಿ ಅಂಗಡಿಯ ಖಾತೆ ಪುಸ್ತಕವಲ್ಲದೆ ಇನ್ನೊಂದು ಪುಸ್ತಕವಿತ್ತು. ಚೀಲದಲ್ಲೇ ಇರುತ್ತಿತ್ತು. ಲೆಕ್ಕ ಬರೆಯುವವರ ಕೈ ನೋಡಿ, ಅದರಲ್ಲೂ ನಡುವೆ ಗೀಟು, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಸೆಪ್ಟೆಂಬರಿನಲ್ಲಿ ಉತ್ತರದಿಂದ ಬಂದು ನೀರಂಚಿನಲ್ಲಿ ಬಾಲ ಕುಣಿಸುವ ಬೂದು ಸಿಪಿಲೆಯ ಮೊದಲ ದರ್ಶನ ಜಮಾ. ಕೆರೆಗೆ ಹೆಜ್ಜಾರ್ಲೆ ಇಳಿದದ್ದು ಜಮಾ. ರಸ್ತೆ ಅಗಲ ಮಾಡಲು ಕಡಿದ ಹುಣಸೆ ಮರ ಖರ್ಚು. ಬರುಬರುತ್ತಾ ಖರ್ಚಿನ ಕಡೆ ಉದ್ದವಾಗುತ್ತಾ ಹೋಯಿತು. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ಪಕ್ಕದಲ್ಲಿ ಹರಿಯುವ ಪಿನಾಕಿನಿಗೆ ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ಬೆಂಗಳೂರಿನ ಕೊಳಚೆ ಬಂದು ಸೇರುತ್ತದೆ. ಕೆಲವರಪಳ್ಳಿಯ ಗೇಟು ತೆರೆದಾಗ ಆಳೆತ್ತರದ ನೊರೆ ಏಳುವುದನ್ನು ಈ ಕಡೆಯವರೆಲ್ಲ ಕಂಡಿದ್ದೀರಿ. ತಾವು ಬೊಗಸೆಯಲ್ಲಿ ಎತ್ತಿ ಮುಖ ತೊಳೆದ ನೀರು ಹೀಗಾದುದನ್ನು ಕಂಡು ಮೇಷ್ಟ್ರು ಆ ದಿನ ಅಂಗಡಿಗೆ ಬಂದು ಯಾರೊಡನೆಯೂ ಮಾತನಾಡಲಿಲ್ಲ.

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

2016ರ ರಾಗಿ ಕೊಯ್ಲಿನ ಕಾಲ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ತಳಿ, ಜವಳಗಿರಿಯ ದಾರಿಯಾಗಿ ಬಂದು ಸಾನಮಾವು ಕಾಡಿನಲ್ಲಿ ಬೀಡುಬಿಡುವುದು ಆ ತಿಂಗಳುಗಳಲ್ಲೇ. ಹಗಲು ಕಾಡು, ರಾತ್ರಿ ಹೊಲ. ಒಂದು ರಾತ್ರಿ ಹಿಂಡು ನುಗ್ಗಿದರೆ ರೈತನ ವರ್ಷದ ಅನ್ನ ಹೋಯಿತು. ಆ ಕಡೆಯ ಹಳ್ಳಿಯ ರೈತರೊಬ್ಬರು, ನಮ್ಮೂರಿನ ಅಳಿಯ, ಹಳೆಯ ಗಿರಾಕಿ, ಅಂಗಡಿಗೆ ಬಂದು ಜಿ.ಐ. ತಂತಿಯ ಸುರುಳಿಗಳನ್ನೂ ಉದ್ದನೆಯ ಕರೆಂಟು ವೈರನ್ನೂ ಕೇಳಿದರು.

ಮೇಷ್ಟ್ರು ಬಿಲ್ಲು ಬರೆಯುವ ಮುಂಚೆ, “ಯಾವ ಕೆಲಸಕ್ಕೆ?” ಎಂದು ಕೇಳಿದರು.

“ಬೇಲಿಗೆ.”

“ಸೋಲಾರ್ ಪೆಟ್ಟಿಗೆ ತಂದಿದ್ದೀರಾ?”

ಉತ್ತರವಿಲ್ಲ. ಕಂಬದಿಂದ ಕೊಕ್ಕೆ ಹಾಕಿ ನೇರವಾಗಿ ತಂತಿಗೆ ಕರೆಂಟು ಬಿಡುವ ಯೋಚನೆ ಎಂದು ಮೇಷ್ಟ್ರಿಗೆ ಹೊಳೆಯಿತು. ಎರಡಕ್ಕೂ ವ್ಯತ್ಯಾಸವನ್ನು ಬಿಡಿಸಿ ಹೇಳಿದರು. ಸೋಲಾರ್ ಬೇಲಿಯಲ್ಲಿ ಹೊಡೆತ ಜೋರು, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಸೆಕೆಂಡಿಗೊಮ್ಮೆ ಬಡಿದು ಬಿಡುತ್ತದೆ. ಮುಟ್ಟಿದ ಪ್ರಾಣಿ ಬೆದರಿ ಹಿಂದೆ ಸರಿಯಲು ಬಿಡುವು ಇರುತ್ತದೆ. ಕಂಬದ 230 ವೋಲ್ಟಿನ ಕರೆಂಟು ಬಿಡದೆ ಹರಿಯುತ್ತದೆ. ಸ್ನಾಯು ಸೆಟೆದು ಹಿಡಿದುಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಆನೆಯಾದರೂ ಅಷ್ಟೇ, ಕತ್ತಲಲ್ಲಿ ನೀರು ಕಟ್ಟಲು ಹೋದ ಪಕ್ಕದ ಹೊಲದ ಹುಡುಗನಾದರೂ ಅಷ್ಟೇ. ಇಷ್ಟು ಹೇಳಿ ಮೇಷ್ಟ್ರು ಪೆನ್ನು ಕೆಳಗಿಟ್ಟರು. “ಇದಕ್ಕೆ ನಾನು ಬಿಲ್ಲು ಬರೆಯೋಲ್ಲ” ಎಂದರು.

ಗಿರಾಕಿ ಮುಖ ಕೆಂಪು ಮಾಡಿಕೊಂಡು ಎದ್ದು ಹೋಗಿ ಬೇರೆ ಅಂಗಡಿಯಲ್ಲಿ ಕೊಂಡರು. ಬಂಧುಗಳೇ, ನನಗೆ ಕೋಪ ಬಂತು. ಆನೆಗಾಗಿ ಅಲ್ಲ, ವ್ಯಾಪಾರಕ್ಕಾಗಿ. ತಂದೆಯ ಕಾಲದ ಗಿರಾಕಿ ಹೋದನಲ್ಲ ಎಂದು. ಕೆಲಸದ ಹುಡುಗರ ಎದುರಿಗೇ, “ಮೇಷ್ಟ್ರೇ, ಅಂಗಡಿ ನಿಮ್ಮದಲ್ಲ. ಕೊಡಲಿ, ಗುದ್ದಲಿ, ಸರಪಳಿ ಎಲ್ಲ ಮಾರುತ್ತೇವೆ. ಒಬ್ಬೊಬ್ಬರನ್ನೂ ಯಾವ ಕೆಲಸಕ್ಕೆ ಎಂದು ಕೇಳುತ್ತಾ ಕುಳಿತರೆ ಬಾಗಿಲು ಹಾಕಿಕೊಂಡು ಹೋಗಬೇಕಷ್ಟೆ” ಎಂದುಬಿಟ್ಟೆ. ಅವರು ತಲೆ ತಗ್ಗಿಸಿ, “ಆಗಲಿ ಯಜಮಾನ್ರೇ” ಎಂದರು. ಆ ರಾತ್ರಿ ಬಾಗಿಲು ಹಾಕಿದ ಮೇಲೂ ‘ಯಜಮಾನ್ರೇ’ ಎಂದೇ ಕರೆದು ಹೋದರು. ‘ಏನಪ್ಪಾ’ ಮತ್ತೆ ಕೇಳಲು ಎಷ್ಟೋ ತಿಂಗಳು ಹಿಡಿಯಿತು. ಕೇಳಿದಾಗಲೂ ಅದು ಮೊದಲಿನ ‘ಏನಪ್ಪಾ’ ಆಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ಚಾತುರ್ಮಾಸದ ಪ್ರವಚನವೊಂದರಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ವಿವರಣೆ ಕೇಳಿದೆ. ಗೃಹಸ್ಥರು ಬಿಡಬೇಕಾದ ಐದು ಅನರ್ಥದಂಡಗಳಲ್ಲಿ ‘ಹಿಂಸಾದಾನ’ವೂ ಒಂದು, ಎಂದರೆ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಕೊಡಲಿ, ಕತ್ತಿ, ಗುದ್ದಲಿ, ಸರಪಳಿ ಎಂದು ಆಚಾರ್ಯರು ಪಟ್ಟಿಯನ್ನೇ ಕೊಟ್ಟಿದ್ದಾರೆ. ಕೇಳುತ್ತಾ ಕುಳಿತ ನನಗೆ ಬೆವರಿತು. ನಾನು ಅಂದು ಮೇಷ್ಟ್ರ ಮೇಲೆ ಎಸೆದ ಪಟ್ಟಿಯೇ ಅದು! ಗುದ್ದಲಿ ಮಾರಬಾರದೆಂದಲ್ಲ, ಹೊಲ ಅಗೆಯುವವನಿಗೆ ಗುದ್ದಲಿ ಬೇಕೇ ಬೇಕು. ಆದರೆ ಕೊಡುವ ಕೈಗೆ ಕಣ್ಣಿರಬೇಕು. ಶ್ರಾವಕ ಮನೆತನದಲ್ಲಿ ಹುಟ್ಟಿದ ನಾನು ಗ್ರಂಥದಲ್ಲಿ ಕೇಳಿ ತಿಳಿದದ್ದನ್ನು ಗ್ರಂಥ ಮುಟ್ಟದ ಆ ಮನುಷ್ಯ ಹೊಳೆದಡದಲ್ಲಿ ನಡೆದು ತಿಳಿದಿದ್ದರು.

ಮನೆಗೆ ಬಂದು ಅವರಿಗೆ ಹೇಳಬಹುದಿತ್ತು, ಹೇಳಲಿಲ್ಲ. 2023ರ ಮಾರ್ಚಿಯಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಹೊಲದ ಅಕ್ರಮ ಕರೆಂಟು ಬೇಲಿಗೆ ಸಿಕ್ಕಿ ಮೂರು ಹೆಣ್ಣಾನೆಗಳು ಒಂದೇ ಕಡೆ ಸತ್ತುಬಿದ್ದವು. ಎರಡು ಮರಿಗಳು ಮಾತ್ರ ಉಳಿದವು. ಅದೇ ವರ್ಷ ತಮಿಳುನಾಡು ಸರ್ಕಾರ ವಿದ್ಯುತ್ ಬೇಲಿಗಳನ್ನು ನೋಂದಾಯಿಸಬೇಕೆಂದು ನಿಯಮ ತಂದಿತು. ಆ ಸುದ್ದಿ ಬಂದ ಬೆಳಿಗ್ಗೆ ಪತ್ರಿಕೆ ನಮ್ಮಿಬ್ಬರ ನಡುವೆ ಗಾದಿಯ ಮೇಲೇ ಇತ್ತು. ಮೇಷ್ಟ್ರು ಓದಿದರು, ಮಡಿಸಿಟ್ಟರು. “ನೋಡಿದಿರಾ” ಎನ್ನಲಿಲ್ಲ. ಇನ್ನೊಬ್ಬರಾಗಿದ್ದರೆ ಅನ್ನದೆ ಬಿಡುತ್ತಿರಲಿಲ್ಲ. ಅಂದಾದರೂ ನಾನು ಬಾಯಿ ಬಿಡಬೇಕಿತ್ತು. ಅಂದೂ ಬಿಡಲಿಲ್ಲ.

ಅವರು ತೀರಿಕೊಂಡ ಹನ್ನೊಂದನೆಯ ದಿನ ಅವರ ಮನೆಯಲ್ಲಿ ಆ ಹಳೆಯ ಗಿರಾಕಿ ಕುಳಿತಿದ್ದರು. ನನಗೆ ಆಶ್ಚರ್ಯ. ಅವರೇ ಹತ್ತಿರ ಬಂದು ಹೇಳಿದರು: “ಆ ವರ್ಷ ಮೇಷ್ಟ್ರು ಹುಡುಕಿಕೊಂಡು ನಮ್ಮ ಹೊಲಕ್ಕೆ ಬಂದರು ಸ್ವಾಮಿ. ಬೈದು ಕಳಿಸಿದೆ. ಮರುವಾರ ಮತ್ತೆ ಬಂದರು. ನನ್ನ ಜೊತೆ ಅಟ್ಟಣೆಯಲ್ಲಿ ಕುಳಿತು ರಾತ್ರಿಯೆಲ್ಲ ತಗಡು ಬಡಿದರು. ಕೊಯ್ಲು ಮುಗಿಯುವ ತನಕ ಪ್ರತಿ ರಜೆಯ ರಾತ್ರಿ ಬಂದರು. ಆ ತಂತಿಗೆ ನಾನು ಕರೆಂಟು ಕೊಡಲೇ ಇಲ್ಲ. ಮಾರನೆಯ ವರ್ಷ ಸೋಲಾರ್ ಪೆಟ್ಟಿಗೆ ಹಾಕಿಸಿಕೊಂಡೆ.”

ಏಳು ದಿನಕ್ಕೊಮ್ಮೆ ಸಿಗುವ ರಜೆಯನ್ನು, ಹೊಳೆ ಗುಡ್ಡಗಳ ಆಸೆಯನ್ನೂ ಬಿಟ್ಟು, ಬೈದವನ ಹೊಲ ಕಾಯಲು ಕೊಟ್ಟಿದ್ದರು. ನಾನು ಪಕ್ಕದಲ್ಲೇ ಕುಳಿತಿದ್ದೆ, ನನಗೆ ಗೊತ್ತಿರಲಿಲ್ಲ. ಆ ತಂತಿ ಏನಾಯಿತೆಂದು ಅಷ್ಟು ವರ್ಷ ನಾನು ವಿಚಾರಿಸಿಯೂ ಇರಲಿಲ್ಲ.

ಅವರ ಮಗಳು ಆ ಪುಸ್ತಕವನ್ನು ಓದಲು ನನಗೆ ಕೊಟ್ಟಿದ್ದಾಳೆ. 2016ರ ಹಾಳೆಗಳನ್ನು ಹೆದರುತ್ತಲೇ ತೆರೆದೆ. ಜಮಾ ಕಡೆಯಲ್ಲಿ, ‘ಸಾನಮಾವು ಪಕ್ಕದ ಹೊಲ. ರಾತ್ರಿ ಏಳು ಆನೆ, ಒಂದು ಮರಿ. ತಿರುಗಿ ಹೋದವು’ ಎಂದಿದೆ. ಖರ್ಚಿನ ಕಡೆ ಖಾಲಿ. ನಮ್ಮ ಜಗಳದ ಬಗ್ಗೆ ಒಂದಕ್ಷರವಿಲ್ಲ.

ದಶಲಕ್ಷಣ ಪರ್ವದ ಮೊದಲ ದಿನವೇ ಉತ್ತಮ ಕ್ಷಮೆಯ ದಿನ. ಪರ್ವ ಮುಗಿದ ಮೇಲೆ ಕ್ಷಮಾವಣಿ. ಪ್ರತಿ ವರ್ಷ ಅಚ್ಚು ಹಾಕಿಸಿದ ಕ್ಷಮಾವಣಿಯ ಪತ್ರಿಕೆಗಳನ್ನು ದೂರದ ನೆಂಟರಿಗೆ, ವ್ಯಾಪಾರದ ಪರಿಚಯದವರಿಗೆ, ಮುಖವನ್ನೇ ನೋಡದವರಿಗೆಲ್ಲ ಕಳಿಸಿದ್ದೇನೆ. ಆ ಪತ್ರಿಕೆಗಳ ವಿಳಾಸವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಡುತ್ತಿದ್ದವರು ಯಾರು ಗೊತ್ತೇ? ಮೇಷ್ಟ್ರೇ. ಎದುರಿಗೆ ಕುಳಿತು ಬರೆಯುತ್ತಿದ್ದವರಿಗೆ ಒಂದು ಪತ್ರಿಕೆ ಕೊಡಬೇಕೆಂದು, ಒಂದು ಮಾತು ಕೇಳಬೇಕೆಂದು ನನಗೆ ತೋಚಲಿಲ್ಲ. ತೋಚಿದರೂ ಯಜಮಾನನೆಂಬ ಬಿಗುಮಾನ ಬಿಡಲಿಲ್ಲ.

ಈಗ ಕೇಳುತ್ತೇನೆ. ಮೇಷ್ಟ್ರೇ, ಅಂದು ಹುಡುಗರ ಎದುರಿಗೆ ಆಡಿದ ಮಾತನ್ನು ಮನ್ನಿಸಬೇಕು. ಅಂಗಡಿ ನಿಮ್ಮದೂ ಆಗಿತ್ತು.

ಇಂದು ಗಲ್ಲಾದ ಮುಂದೆ ನನ್ನ ಮಗ ಕೂಡುತ್ತಾನೆ. ರಾಗಿ ಕಾಲದಲ್ಲಿ ಯಾರಾದರೂ ತಂತಿಯ ಜೊತೆಗೆ ಕರೆಂಟು ವೈರು ಕೇಳಿದರೆ, ಅವನು ಬಿಲ್ಲು ಬರೆಯುವ ಮುಂಚೆ “ಯಾವ ಕೆಲಸಕ್ಕಣ್ಣಾ?” ಎಂದು ಕೇಳುತ್ತಾನೆ. ಅನುಮಾನ ಬಂದರೆ ಕೊಡುವುದಿಲ್ಲ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಹಾಗೆಂದು ರೈತನ ಕಷ್ಟವನ್ನು ಮರೆಯಬಾರದು ಎಂದು ಅವನಿಗೆ ಹೇಳಿದ್ದೇನೆ. ಬರಿಗೈಯಲ್ಲಿ ಕಳಿಸುವುದು ಮೇಷ್ಟ್ರ ದಾರಿಯಾಗಿರಲಿಲ್ಲ. ಸೋಲಾರ್ ಬೇಲಿಯ ವಿವರ, ಅರಣ್ಯ ಕಚೇರಿಗೆ ಹೋಗುವ ದಾರಿ ಎರಡನ್ನೂ ಹೇಳಿಯೇ ಕಳಿಸಬೇಕು.

ಬಂಧುಗಳೇ, ನಮ್ಮೆಲ್ಲರ ಅಂಗಡಿಗಳಲ್ಲೂ ಹೀಗೆ ಒಬ್ಬರು ಇರುತ್ತಾರೆ. ಬೆಳಿಗ್ಗೆ ನಮಗಿಂತ ಮುಂಚೆ ಬಂದು ಬೀಗ ತೆಗೆಯುವವರು, ನಮ್ಮ ಮಕ್ಕಳನ್ನು ಹೆಗಲ ಮೇಲೆ ಹೊತ್ತವರು, ನಮ್ಮ ಒರಟು ಮಾತನ್ನು ನುಂಗಿಕೊಂಡವರು. ಬರುವ ಕ್ಷಮಾವಣಿಯ ದಿನ ಊರೂರಿಗೆ ಪತ್ರಿಕೆ ಹಾಕುವ ಮುಂಚೆ ಅವರ ಹತ್ತಿರ ಹೋಗಿ ನಿಲ್ಲಿ. ಅವರು ವಾರದ ರಜೆಯಲ್ಲಿ ಎಲ್ಲಿಗಾದರೂ ಕರೆದರೆ, ಒಂದು ದಿನ ಅಂಗಡಿ ಮಗನಿಗೆ ಬಿಟ್ಟು ಹೋಗಿಬನ್ನಿ. ನಾನು ನಾಲ್ಕೇ ಸಲ ಹೋದೆ.