ಐಪಿ ಸೆಟ್: ಯಾರೂ ಕೇಳದ ಲೆಕ್ಕ

2008ರಲ್ಲಿ ಕರ್ನಾಟಕದಲ್ಲಿ 10 ಹೆಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ, ಅಂದರೆ ಐಪಿ ಸೆಟ್‌ಗಳಿಗೆ, ಕರೆಂಟು ಪುಕ್ಕಟೆಯಾಯಿತು. ಮೀಟರ್ ಓದುವ ರೂಢಿ ತಪ್ಪಿ ಹೆಚ್‌ಪಿ ಲೆಕ್ಕದ ದರ ಬಂದು ಆಗಲೇ ಬಹಳ ಕಾಲವಾಗಿತ್ತು, ಅದರ ಬಾಕಿಯೂ ಬೆಳೆಯುತ್ತಲೇ ಇತ್ತು. ಇಂದು ರಾಜ್ಯದ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಐಪಿ ಸೆಟ್‌ಗಳ ಲೆಕ್ಕಕ್ಕೆ ಬರೆಯಲಾಗುತ್ತಿದೆ. ಸಹಾಯಧನ ವರ್ಷಕ್ಕೆ 10,000 ಕೋಟಿ ರೂಪಾಯಿ ದಾಟಿದೆ. ಮೀಟರೇ ಇಲ್ಲದ ಕಡೆ ಈ ಯೂನಿಟ್‌ಗಳು ಅಂದಾಜಿನವು. ತಂತಿಯಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಎಳೆದದ್ದು ಎಲ್ಲವೂ ರೈತನ ಖಾತೆಗೆ ಬೀಳಲು ದಾರಿಯಿದೆ.

ಸುಧಾರಣೆ ನಡೆದೇ ಇಲ್ಲ ಎನ್ನಲಾಗದು. ನಿರಂತರ ಜ್ಯೋತಿ ಯೋಜನೆ ಹಳ್ಳಿಯ ಮನೆಗಳ ಫೀಡರನ್ನೂ ಪಂಪ್‌ಸೆಟ್ ಫೀಡರನ್ನೂ ಬೇರೆ ಮಾಡಿತು. ದೊಡ್ಡಬಳ್ಳಾಪುರ, ನಿಪ್ಪಾಣಿ, ಬ್ಯಾಡಗಿ ಕಡೆ ಹಳೆಯ ಪಂಪು ಕಿತ್ತು ಕಡಿಮೆ ಕರೆಂಟು ಎಳೆಯುವ ಸ್ಟಾರ್ ಗುರುತಿನ ಪಂಪು ಕೂರಿಸಿ ನೋಡಿದ್ದಾಯಿತು. ಆದರೆ ರೈತ ಒರಟು ಪಂಪನ್ನೇ ಕೊಳ್ಳುವುದು ತಿಳಿಗೇಡಿತನದಿಂದಲ್ಲ. ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಜಾಸ್ತಿಯಾಗಿ ವೋಲ್ಟೇಜ್ ಬಿದ್ದಾಗ ಮೋಟರ್ ಸುಡುತ್ತದೆ. ರಿವೈಂಡಿಂಗ್ ಖರ್ಚು ಅವನದೇ, ಯೂನಿಟ್ ಖರ್ಚು ಮಾತ್ರ ಸರ್ಕಾರದ್ದು. ಅವನು ನೋಡುವುದು ತಾಳಿಕೆ. ತ್ರೀ ಫೇಸ್ ಕರೆಂಟು ನಡುರಾತ್ರಿಯೂ ಬರಬಹುದಾದ್ದರಿಂದ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುತ್ತಾನೆ. ಗದ್ದೆಗೆ ಬೇಕೋ ಬೇಡವೋ, ನೀರು ಹರಿಯುತ್ತದೆ.

ಪಂಪಿನ ದಕ್ಷತೆಯ ಮಾತು ಆಡುವಾಗ ಆಳದ ಲೆಕ್ಕ ಬಿಟ್ಟೇ ಹೋಗುತ್ತದೆ. ನೀರು 300 ಅಡಿಯಲ್ಲಿದ್ದರೆ 1,000 ಲೀಟರ್ ಎತ್ತಲು ಶೇ 30 ದಕ್ಷತೆಯ ಕೆಟ್ಟ ಪಂಪಿಗೂ ಸಾಕಾಗುವುದು 0.8 ಯೂನಿಟ್‌ನಷ್ಟು. ಅದೇ ನೀರು 1,000 ಅಡಿಗೆ ಇಳಿದರೆ ಶೇ 50ರ ಒಳ್ಳೆಯ ಪಂಪಿಗೂ ಸುಮಾರು 1.7 ಯೂನಿಟ್ ಬೇಕು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿದ ಬೋರ್ ಈಗ ಯಾರಿಗೂ ಸುದ್ದಿಯಲ್ಲ. ಯಾವ ಸ್ಟಾರ್ ಗುರುತೂ ಈ ಇಳಿತವನ್ನು ಹಿಂದಿಕ್ಕಲಾರದು. ಅಂತರ್ಜಲ ಕಾಯುವುದೇ ಇಲ್ಲಿ ದೊಡ್ಡ ವಿದ್ಯುತ್ ಉಳಿತಾಯ. ಆದರೂ ನೀರಿಗೆ ಒಂದು ಇಲಾಖೆ, ಕರೆಂಟಿಗೆ ಇನ್ನೊಂದು, ಹನಿ ನೀರಾವರಿ ಸಹಾಯಧನಕ್ಕೆ ಮತ್ತೊಂದು.

ಈಗ ಕುಸುಮ್ ಯೋಜನೆಯಡಿ ಫೀಡರ್‌ಗಳಿಗೇ ಸೌರ ವಿದ್ಯುತ್ ಜೋಡಿಸಲಾಗುತ್ತಿದೆ. ಹಗಲು ಕರೆಂಟು ಸಿಗುವುದು ಸಣ್ಣ ಮಾತಲ್ಲ. ಕತ್ತಲಲ್ಲಿ ಹಾವು, ಶಾಕ್‌ಗಳ ನಡುವೆ ತೋಟಕ್ಕೆ ಹೋಗುವವರನ್ನೇ ಕೇಳಿ. ಆದರೆ ನೀರು ಕಡಿಮೆ ಎತ್ತಲು ಅದರಲ್ಲಿ ಯಾವ ಕಾರಣವೂ ಇಲ್ಲ. ಆ ಕಾರಣ ಇದ್ದದ್ದು ಕನಕಪುರ ತಾಲ್ಲೂಕಿನ ಹಾರೋಬೆಲೆಯ ಸೂರ್ಯ ರೈತ ಪ್ರಯೋಗದಲ್ಲಿ: ಪಂಪಿಗೆ ಬಳಸದ ಸೌರ ವಿದ್ಯುತ್ತನ್ನು ರೈತ ಗ್ರಿಡ್‌ಗೆ ಮಾರಬಹುದಿತ್ತು. ಅದು ರಾಜ್ಯಕ್ಕೆ ಹರಡಲಿಲ್ಲ. ಉಚಿತ ಕರೆಂಟನ್ನು ಮುಟ್ಟದೆ, ಉಳಿಸಿದ ಯೂನಿಟ್‌ಗೆ 4 ರೂಪಾಯಿ ಕೊಡುವ ಪ್ರಯೋಗವನ್ನು 2018ರಲ್ಲಿ ಪಂಜಾಬ್ ಶುರು ಮಾಡಿತು.

ಹೀಗೆ ಉಳಿಸಿದ್ದಕ್ಕೆ ಹಣ ಕೊಡಲು ಮೀಟರ್ ಬೇಕು. ಇಂದು ಮೀಟರ್ ಬಂದರೆ ನಾಳೆ ಬಿಲ್ ಬರುತ್ತದೆಂಬ ಗುಮಾನಿ ರೈತರಲ್ಲಿದೆ, ಅದು ಅಕಾರಣವೂ ಅಲ್ಲ. ಉಚಿತ ಪಾಲು ಎಷ್ಟು ಯೂನಿಟ್ ಎಂದು ಸರ್ಕಾರ ಬರೆದುಕೊಟ್ಟು, ಅದರಲ್ಲಿ ಉಳಿಸಿದ್ದಕ್ಕೆ ಕೋಲಾರದ ಕೆಲವು ಫೀಡರ್‌ಗಳಲ್ಲಾದರೂ ಒಂದು ವರ್ಷ ಹಣ ಕೊಟ್ಟು ತೋರಿಸಲಿ. ಗುಮಾನಿಯ ಮಾತು ಆಮೇಲೆ ಆಡೋಣ.