ಎರಡು ತಾಸು ಸರ್ವರ್ ನಿಲ್ಲಿಸಿದ್ರೆ ಯಾರ ಗಂಟು ಹೋಗುತ್ತೆ?

ಮುಂಬಯಿ ನಿಲ್ಲದ ಊರು ಅಂತಾರಲ್ಲ, ಶುದ್ಧ ಸುಳ್ಳು ಸ್ವಾಮಿ. ಇಪ್ಪತ್ತಾರು ವರ್ಷದಿಂದ ನೋಡ್ತಾ ಇದೀನಿ, ಭಾನುವಾರ ಬಂತು ಅಂದ್ರೆ ಸೆಂಟ್ರಲ್ಲು, ಹಾರ್ಬರ್ರು ಎರಡರಲ್ಲೂ ಮೆಗಾಬ್ಲಾಕ್. (ವೆಸ್ಟರ್ನ್‌ನವರು ಅದಕ್ಕೇ ಜಂಬೋಬ್ಲಾಕ್ ಅಂತಾರೆ, ಹೆಸರಲ್ಲೂ ಪೈಪೋಟಿ :-) ) ನಾವು ಬೈಕೊಂಡೇ ಬಸ್ಸು ಹತ್ತುತೀವಿ. ಆದ್ರೆ "ಗಾಡಿ ಓಡ್ತಾ ಇರ್ಲಿ, ಕೆಳಗಿಂದ ಹಳಿ ಬದಲಾಯಿಸ್ರಿ" ಅಂತ ಇವತ್ತಿನವರೆಗೂ ಯಾವ ಪುಣ್ಯಾತ್ಮನೂ ರೈಲ್ವೆಗೆ ಅರ್ಜಿ ಹಾಕಿಲ್ಲ.

ನಮ್ಮ ಡೇಟಾಬೇಸ್ ಕೆಲಸದಲ್ಲಿ ಆ ಅರ್ಜಿ ವಾರಕ್ಕೊಂದು ಬರುತ್ತೆ.

ನಾಲ್ಕು ವರ್ಷದ ಹಿಂದಿನ ಮಾತು. ಠಾಣೆ ಆಚೆಯ ಒಂದು ಕಾರ್ಖಾನೆ. ಲಿನಕ್ಸ್ ಮೇಲೆ ಮೈಎಸ್‌ಕ್ಯೂಎಲ್, ಅದರಲ್ಲಿ ಕಾರ್ಮಿಕರ ಹಾಜರಿ, ಓವರ್‌ಟೈಮ್, ಪಗಾರ ಎಲ್ಲ. ಡಿಸ್ಕು ತುಂಬಿ ತುಳುಕ್ತಾ ಇತ್ತು. ಹೊಸ ಡಿಸ್ಕು ತಂದು ಹಾಕಿದ್ರು, ಡೇಟಾ ಫೈಲುಗಳನ್ನ ಅಲ್ಲಿಗೆ ಸಾಗಿಸಬೇಕು. ಆ ಕೆಲಸ ನೋಡ್ಕೊಳ್ತಿದ್ದವನು ನಮ್ಮ ಬಾಗಲಕೋಟೆ ಕಡೆಯ ಹುಡುಗ. ರಾತ್ರಿ ಎರಡು ತಾಸು ಸರ್ವರ್ ನಿಲ್ಲಿಸೋಕೆ ಅನುಮತಿ ಕೇಳಿದ. ಮ್ಯಾನೇಜರ್ ಸಾಹೇಬರು, "ಮೂರು ಪಾಳಿ ನಡೀತಾವೆ, ನಿಲ್ಲಿಸೋ ಮಾತೇ ಬೇಡ. ಬರೀ ಫೈಲ್ ಕಾಪಿ ತಾನೆ?" ಅಂದ್ರು.

ಬರೀ ಫೈಲ್ ಕಾಪಿ! ಈ ಮೂರು ಪದ ಕೇಳಿದ್ರೆ ನಂಗೆ ಮೈ ಉರಿಯುತ್ತೆ.

ಡೇಟಾಬೇಸ್ ಅನ್ನೋದು ಮದುವೆ ಆಲ್ಬಂ ಅಲ್ಲ. ಅರ್ಧ ಲೆಕ್ಕ ಡಿಸ್ಕಿನಲ್ಲಿ, ಇನ್ನರ್ಧ ಮೆಮೊರಿಯಲ್ಲಿ ಇರುತ್ತೆ. ಸೇಠು ಖಾತೆ ಬರೀತಾ ಕೂತಿರುವಾಗ ಅವನ ಕೈಕೆಳಗಿಂದಲೇ ಹಾಳೆ ಹಾಳೆ ನಕಲು ಮಾಡಿದ ಹಾಗೆ. ಮೊದಲ ಫೈಲು ಏಳು ಗಂಟೆಯ ಸ್ಥಿತಿ, ಕೊನೇದು ಏಳೂವರೆಯ ಸ್ಥಿತಿ, ದೊಡ್ಡ ಫೈಲಾದ್ರೆ ಅದರೊಳಗೇ ಎರಡು ಕಾಲ. ವಿಂಡೋಸ್ ಮೇಲೆ ಎಸ್‌ಕ್ಯೂಎಲ್ ಸರ್ವರ್ ಆಗಿದ್ರೆ ಫೈಲುಗಳಿಗೆ ಬೀಗ ಬಿದ್ದಿರುತ್ತೆ, ಮುಟ್ಟೋಕೇ ಬಿಡಲ್ಲ. ಲಿನಕ್ಸ್ ಬಲು ಉದಾರಿ. ಕಾಪಿ ಮಾಡ್ತೀಯಾ, ಮಾಡು. ಅಳಿಸ್ತೀಯಾ, ಅಳಿಸು.

ಹುಡುಗ ಕಾಪಿ ಮಾಡಿದ. ಮೇಲಿಂದ ಫೋನು, "ಡಿಸ್ಕ್ ತುಂಬ್ತಾ ಇದೆ, ಹಳೇದು ಅಳಿಸು". ಅಳಿಸಿದ. ಆದ್ರೆ ಜಾಗ ಖಾಲಿ ಆಗ್ಲಿಲ್ಲ. ಯಾಕಂದ್ರೆ ಲಿನಕ್ಸಲ್ಲಿ ಫೈಲಿನ ಹೆಸರು ಅಳಿಸಿ ಹೋದ್ರೂ, ಯಾವುದಾದ್ರೂ ಪ್ರೊಸೆಸ್ ಅದನ್ನ ತೆರೆದಿಟ್ಟುಕೊಂಡಿರೋವರೆಗೆ ಫೈಲು ಡಿಸ್ಕಲ್ಲೇ ಜೀವಂತ ಇರುತ್ತೆ. ಸರ್ವರ್ ಇನ್ನೂ ಹಳೇ ಫೈಲಿಗೇ ಬರೀತಾ ಇತ್ತು. ಆ ಕ್ಷಣದಲ್ಲಿ ಅವನು ನಂಗೆ ಫೋನ್ ಮಾಡಿದ. ನಾನು ಲೋಕಲ್‌ನಲ್ಲಿ ನೇತಾಡ್ತಾ ಇದ್ದೆ, ಕೇಳಿಸ್ಲಿಲ್ಲ. ಇಳಿದ ಮೇಲೆ ನೋಡಿದ್ರೆ ಮೆಸೇಜು: "ಸರ, ಹಳೇ ಫೈಲ್ ಅಳಿಸೇನಿ, ಆದ್ರೂ ಜಾಗಾ ಖಾಲಿ ಆಗವಲ್ದು. ರೀಸ್ಟಾರ್ಟ್ ಮಾಡು ಅನ್ನಾಕತ್ಯಾರ."

ನಾನು ಫೋನ್ ತಗೊಂಡಿದ್ರೆ ಹೇಳ್ತಿದ್ದ ಮಾತು ಒಂದೇ: ಈಗ ಮಾತ್ರ ನಿಲ್ಲಿಸಬೇಡಪ್ಪಾ! ಹೊಸ ಬರವಣಿಗೆ ತಡೆದು, ಮೆಮೊರಿಯಲ್ಲಿದ್ದದ್ದು ಡಿಸ್ಕಿಗೆ ಇಳಿಯೋವರೆಗೆ ಕಾದು, ಪ್ರಾಕ್ ಫೋಲ್ಡರಿನಲ್ಲಿ ಆ ಪ್ರೊಸೆಸ್ ನಂಬರಿನಡಿ ಹುಡುಕಿದ್ರೆ ಅಳಿಸಿದ ಫೈಲುಗಳನ್ನ ಇನ್ನೂ ಎತ್ತಿಕೊಳ್ಳಬಹುದಿತ್ತು. ಅವನು ರೀಸ್ಟಾರ್ಟ್ ಮಾಡಿದ್ದ. ಅಸಲು ಪ್ರತಿಯ ಕೊನೆಯ ಹಿಡಿತ ಬಿಟ್ಟೋಯ್ತು. ಹೊಸ ಪ್ರತಿ ಎದ್ದು ನಿಂತ ಹಾಗೆ ಮಾಡಿ, ಲಾಗ್ ಕ್ರಮಸಂಖ್ಯೆ ಭವಿಷ್ಯದಲ್ಲಿದೆ ಅಂತ ಸಾಲುಗಟ್ಟಲೆ ಬಡಬಡಿಸಿ ಬಿದ್ದುಹೋಯ್ತು. ಬ್ಯಾಕಪ್ ಮೂರು ದಿನ ಹಳೇದು. ಪಾಳಿಯ ಓವರ್‌ಟೈಮ್ ಲೆಕ್ಕವನ್ನ ಕಾಗದದ ಮಸ್ಟರ್ ನೋಡಿ ಮತ್ತೆ ತುಂಬಬೇಕಾಯ್ತು, ಪಗಾರ ಆರು ದಿನ ತಡ. ಎರಡು ತಾಸು ಕೊಡದವರು ಆರು ದಿನ ಕೊಟ್ರು. ರಿಪೋರ್ಟಿನಲ್ಲಿ ಕಾರಣ ಅಂತ ಬರೆದದ್ದು ಹುಡುಗನ ಹೆಸರು. ತಿಂಗಳೊಳಗೆ ಅವನನ್ನ ಮನೆಗೆ ಕಳಿಸಿದ್ರು.

ಹುಡುಗನದ್ದು ತಪ್ಪೇ ಇಲ್ಲ ಅನ್ನಲ್ಲ. ಅಳಿಸಬಾರದಿತ್ತು. ಹಳೇ ಫೋಲ್ಡರಿಗೆ ಬೇರೆ ಹೆಸರಿಟ್ಟು ಒಂದು ವಾರ ಬಿಡಬೇಕು, ಅದು ನನ್ನ ಶಾಸ್ತ್ರ. ಆದ್ರೆ ಕೇಳಿದವನಿಗೆ "ನಿಲ್ಲಿಸಬೇಡ" ಅಂದ ಬಾಯಿ ಯಾವ ರಿಪೋರ್ಟಲ್ಲೂ ಇರಲಿಲ್ಲವಲ್ಲ?

ನಿಲ್ಲಿಸದೇ ಸಾಗಿಸೋ ದಾರಿ ಇಲ್ವಾ ಅಂದ್ರೆ, ಇದೆ. ಒರಾಕಲ್ 12ಸಿ 2013ರಲ್ಲಿ ಬಂದಾಗಿನಿಂದ ತೆರೆದಿರೋ ಡೇಟಾಫೈಲನ್ನೇ ಸಾಗಿಸಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೊಂದು ಸರ್ವರಿಗೆ ರೆಪ್ಲಿಕೇಶನ್ ಕಟ್ಟಿ ಅತ್ತ ಹೊರಳಬಹುದು. ಅದಕ್ಕೆ ದುಡ್ಡು ಬೇಕು, ಎರಡನೇ ಮಷೀನು ಬೇಕು. ಎರಡನೇ ಮಷೀನಿಗೆ ಕಾಸು ಬಿಚ್ಚದವರೇ "ಒಂದು ನಿಮಿಷವೂ ನಿಲ್ಲಬಾರದು" ಅಂತ ಮೇಜು ಕುಟ್ಟೋದು, ಗಮನಿಸಿ ನೋಡಿ.

ಅಸಲಿಗೆ ನಿಲ್ಲಿಸಿದ ಸಮಯವೂ ದೊಡ್ಡದಾಗಿರಬೇಕಿಲ್ಲ. ಸರ್ವರ್ ಓಡ್ತಿರುವಾಗಲೇ ಆರ್‌ಸಿಂಕ್‌ನಿಂದ ಒಂದು ಸುತ್ತು ಕಾಪಿ ತಗೊಳ್ಳಿ, ಅದು ಬರೀ ಹೊರೆ ಇಳಿಸೋಕೆ, ಅದನ್ನ ನಂಬೋದಕ್ಕಲ್ಲ. ಆಮೇಲೆ ಸರ್ವರ್ ಕ್ರಮವಾಗಿ ನಿಲ್ಲಿಸಿ, ಪ್ರೊಸೆಸ್ ನಿಜವಾಗಿ ಹೋಯ್ತಾ ಅಂತ ಕಣ್ಣಾರೆ ನೋಡಿ, ಎರಡನೇ ಸುತ್ತು ಚೆಕ್‌ಸಮ್ ಹಾಕಿ. ಲಾಗ್ ಫೈಲುಗಳೂ ಜೊತೆಗೇ ಬರಬೇಕು. ಡೇಟಾ ಬಂದು ಲಾಗ್ ಬರದಿದ್ರೆ ಹೆಣ್ಣು ಬಂದು ಗಂಡು ಬರದ ಮದುವೆ. ಕಾನ್ಫಿಗ್‌ನಲ್ಲಿ ದಾರಿ ಬದಲಿಸಿ ಎಬ್ಬಿಸಿ. ಎಬ್ಬಿಸಿದಾಗ "ಪರ್ಮಿಶನ್ ಡಿನೈಡ್" ಅಂದ್ರೆ ಮೊದಲು ಮಾಲೀಕತ್ವ ನೋಡಿ. ಅದು ಸರಿಯಿದ್ರೂ ಹಟ ಮಾಡಿದ್ರೆ ಉಬುಂಟುವಿನಲ್ಲಿ ಆಪ್‌ಆರ್ಮರ್, ರೆಡ್‌ಹ್ಯಾಟಿನಲ್ಲಿ ಎಸ್‌ಇಲಿನಕ್ಸ್ ಅಡ್ಡ ನಿಂತಿರುತ್ತೆ, ಹೊಸ ಜಾಗ ಯಾವುದು ಅಂತ ಅದಕ್ಕೂ ತಿಳಿಸಬೇಕು. ಅಷ್ಟಕ್ಕೇ ಸಿಟ್ಟಾಗಿ ಎಲ್ಲರಿಗೂ 777 ಪರ್ಮಿಶನ್ ಕೊಟ್ಟು ಕೈತೊಳ್ಕೊಳ್ಳೋರಿದಾರೆ. ಅವರ ಬಗ್ಗೆ ಇನ್ನೊಂದು ದಿನ ಬೈತೀನಿ.

ಇನ್ನು "ನಮ್ಮದು ನಿಲ್ಲೋ ಹಾಗೇ ಇಲ್ಲ" ಅನ್ನೋರಿಗೆ. 2021ರ ಮೇ 23, ಭಾನುವಾರ. ತಾಂತ್ರಿಕ ಸುಧಾರಣೆಗೆ ಅಂತ ರಿಸರ್ವ್ ಬ್ಯಾಂಕು ಎನ್‌ಇಎಫ್‌ಟಿಯನ್ನ ಮಧ್ಯರಾತ್ರಿಯಿಂದ ಮಧ್ಯಾಹ್ನ ಎರಡರವರೆಗೆ ನಿಲ್ಲಿಸಿತ್ತು. ಅದಕ್ಕೆ ಮುಂಚೆ ಏಪ್ರಿಲ್ 18ರಂದು ಆರ್‌ಟಿಜಿಎಸ್, ಅದೂ ಹದಿನಾಲ್ಕು ತಾಸು. ಎರಡೂ ಅಷ್ಟೊತ್ತಿಗೆ ದಿನದ ಇಪ್ಪತ್ನಾಲ್ಕು ತಾಸೂ ನಡೀತಿದ್ದ ಸೇವೆಗಳು. ಮೊದಲೇ ತಿಳಿಸಿದ್ರು, ಜನ ಸಹಿಸಿಕೊಂಡ್ರು, ದೇಶ ಮುಳುಗಲಿಲ್ಲ. ಇಡೀ ದೇಶದ ದುಡ್ಡು ಹದಿನಾಲ್ಕು ತಾಸು ಕಾಯಬಹುದು, ನಿಮ್ಮ ಹಾಜರಿ ಪುಸ್ತಕ ಎರಡು ತಾಸು ಕಾಯಲ್ವಾ?

ಹುಡುಗ ಈಗ ಪುಣೆಯಲ್ಲಿದಾನೆ, ಚೆನ್ನಾಗಿದಾನೆ. ಕಾರ್ಖಾನೆಯವರದ್ದು ಹೋದ ವಾರ ನಂಗೆ ಫೋನು, ಹೊಸ ಡಿಸ್ಕೂ ತುಂಬ್ತಾ ಬಂತಂತೆ. ಶನಿವಾರ ರಾತ್ರಿ ಹತ್ತರಿಂದ ಹನ್ನೆರಡು ಸರ್ವರ್ ನಿಲ್ಲಿಸೋಕೆ ಒಪ್ಪಿಗೆ ಇದೆ ಅಂತ ಸಹಿ ಹಾಕಿ ಬರೆದುಕೊಡಿ, ಬರ್ತೀನಿ ಅಂದಿದೀನಿ. ಇನ್ನೂ ಉತ್ತರ ಬಂದಿಲ್ಲ.