ವರದಿಗಾರರ ಜೀವರಕ್ಷಣೆಗೆ ಭಾರತದ ಒಪ್ಪಿಗೆ ಬೇಕು

ಮಾನ್ಯ ಶ್ರೀ ಎಸ್. ಜೈಶಂಕರ್ ಅವರಿಗೆ,
ವಿದೇಶಾಂಗ ಸಚಿವರು, ನವದೆಹಲಿ



ಯುದ್ಧ ನಡೆಯುವಲ್ಲಿ ಕೆಲಸ ಮಾಡುವ ಪತ್ರಕರ್ತರು ನಾಗರಿಕರು, ನಾಗರಿಕರಿಗಿರುವ ರಕ್ಷಣೆಯೆಲ್ಲ ಅವರಿಗೂ ಸಲ್ಲಬೇಕು ಎಂದು ಜಿನೀವಾ ಒಪ್ಪಂದಗಳ ಮೊದಲ ಹೆಚ್ಚುವರಿ ಪ್ರೋಟೋಕಾಲಿನ 79ನೇ ವಿಧಿ ಹೇಳುತ್ತದೆ. 1977ರ ಆ ಪ್ರೋಟೋಕಾಲನ್ನು ಭಾರತ ಇಂದಿಗೂ ಒಪ್ಪಿಲ್ಲ. ಒಪ್ಪಬೇಕೆಂದು ಕೇಳಲು ಈ ಪತ್ರ.

ಉಮರ್ಗಾದಂಥ ಮಹಾರಾಷ್ಟ್ರ–ಕರ್ನಾಟಕ ಗಡಿಭಾಗದವರು ಅದನ್ನು ಕೇಳಲು ಕಾರಣವಿದೆ. 1948ರಲ್ಲಿ ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಆ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಸಂಸ್ಥಾನ ಭಾರತಕ್ಕೆ ಸೇರಬಾರದೆಂದ ಸಶಸ್ತ್ರ ಪಡೆ ರಜಾಕಾರರ ನಾಯಕ ಕಾಸಿಂ ರಜ್ವಿ ವಕೀಲಿ ಮಾಡಿದ್ದು ಪಕ್ಕದ ಲಾತೂರಿನಲ್ಲಿ. ಸಂಸ್ಥಾನದ ಮುಸ್ಲಿಮರೆಲ್ಲ ತಮ್ಮ ಹಿಂದಿದ್ದಾರೆಂದು ರಜಾಕಾರರು ಸಾರುತ್ತಿದ್ದಾಗ, ಹೈದರಾಬಾದಿನ ಉರ್ದು ದಿನಪತ್ರಿಕೆ ‘ಇಮ್ರೋಜ್’ನ ಸಂಪಾದಕ ಶೋಯಬುಲ್ಲಾ ಖಾನ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದರು. ಆ ವರ್ಷದ ಆಗಸ್ಟಿನ ಒಂದು ರಾತ್ರಿ, ಕಚೇರಿಯಿಂದ ಮನೆಗೆ ಹೊರಟವರನ್ನು ರಜಾಕಾರರು ದಾರಿಯಲ್ಲೇ ಕೊಂದರು. ಬರೆಯುವ ಕೈಯನ್ನೂ ಕಡಿದರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ತಿಂಗಳೊಳಗೆ ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗ, ಉಮರ್ಗಾ ಹಾದು ಮುನ್ನಡೆಯಿತು. ಸೆಪ್ಟೆಂಬರ್ 17ರಂದು ನಾವು ಪ್ರತಿವರ್ಷ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ ಆಚರಿಸುತ್ತೇವೆ. ಆ ಮುಕ್ತಿಯಲ್ಲಿ ಒಬ್ಬ ಪತ್ರಕರ್ತನ ರಕ್ತವೂ ಸೇರಿದೆ.

ಶೋಯಬುಲ್ಲಾ ಅವರ ಕೈಯಲ್ಲಿ ಆಯುಧವಿರಲಿಲ್ಲ. ತಾವು ಹೇಳಿದ್ದೇ ಜನ ನಂಬಬೇಕೆನ್ನುವವರಿಗೆ ಇನ್ನೊಂದು ದನಿ ಕೇಳಿಸಿದರೆ ಸಾಕು, ಅದೇ ಅಪಾಯ. ಹಾಗಾಗಿಯೇ ಬಾಂಬುಗಳು ಸುದ್ದಿಮನೆಗಳನ್ನೂ ಹುಡುಕಿಕೊಂಡು ಬರುತ್ತವೆ. 1999ರ ಏಪ್ರಿಲ್ 23ರ ನಸುಕಿನಲ್ಲಿ ನ್ಯಾಟೋ ವಿಮಾನಗಳು ಬೆಲ್‌ಗ್ರೇಡಿನ ಸರ್ಕಾರಿ ಟಿವಿ ಕೇಂದ್ರಕ್ಕೆ ಬಾಂಬು ಹಾಕಿ, ಪಾಳಿಯಲ್ಲಿದ್ದ 16 ಸಿಬ್ಬಂದಿಯನ್ನು ಕೊಂದವು. ಅದು ಪ್ರಚಾರಯಂತ್ರ ಎಂಬುದು ಕೊಟ್ಟ ಸಮರ್ಥನೆ. 2025ರ ಜೂನ್ 16ರಂದು ಇಸ್ರೇಲ್ ಟೆಹರಾನಿನ ಟಿವಿ ಕೇಂದ್ರಕ್ಕೆ ಹೊಡೆದಾಗ ನೇರಪ್ರಸಾರ ನಡೆದಿತ್ತು. ಅದೇ ವರ್ಷದ ಆಗಸ್ಟ್ 10ರಂದು ಗಾಜಾದಲ್ಲಿ ಅಲ್ ಜಜೀರಾದ ಅನಸ್ ಅಲ್ ಶರೀಫ್ ಮತ್ತು ಸಹೋದ್ಯೋಗಿಗಳು ಇಸ್ರೇಲಿನ ದಾಳಿಗೆ ಬಲಿಯಾದರು. ಅನಸ್ ಹಮಾಸ್‌ನವರೆಂದು ಇಸ್ರೇಲ್ ಹೇಳಿತು, ಅಲ್ ಜಜೀರಾ ಅಲ್ಲಗಳೆಯಿತು. ಕೊಂದವರೇ ಕಾರಣವನ್ನೂ ಹೇಳಿ, ತೀರ್ಪನ್ನೂ ಕೊಟ್ಟುಕೊಂಡರೆ ನ್ಯಾಯ ಉಳಿಯುವುದಿಲ್ಲ.

ವಿಮೋಚನಾ ಹೋರಾಟಗಳನ್ನೂ ಅಂತರರಾಷ್ಟ್ರೀಯ ಯುದ್ಧವೆಂದು ಎಣಿಸುವ ಪ್ರೋಟೋಕಾಲಿನ ಮೊದಲ ವಿಧಿ ಸರ್ಕಾರಕ್ಕೆ ಅಡ್ಡಿಯೆನಿಸಿದರೆ, ಬ್ರಿಟನ್ ಮತ್ತು ಫ್ರಾನ್ಸ್ ಮಾಡಿದಂತೆ ನಮ್ಮ ಷರತ್ತು, ವಿವರಣೆಗಳನ್ನು ದಾಖಲಿಸಿಯೇ ಒಪ್ಪಬಹುದು. ಒಪ್ಪಿಗೆಯೊಂದೇ ಕ್ಷಿಪಣಿಯನ್ನು ತಡೆಯುವುದಿಲ್ಲ, ನಿಜ. ಆದರೆ ನಾಗರಿಕರನ್ನೇ ಗುರಿಮಾಡಿದ ದಾಳಿಯನ್ನು ಪ್ರೋಟೋಕಾಲು ಗಂಭೀರ ಅಪರಾಧವೆಂದು ಎಣಿಸಿ, ಆರೋಪಿಗಳನ್ನು ವಿಚಾರಣೆಗೆ ಒಳಪಡಿಸುವ ಹೊಣೆಯನ್ನು ದೇಶಗಳ ಮೇಲೆ ಹೊರಿಸುತ್ತದೆ. ಪಾಕಿಸ್ತಾನದೊಂದಿಗಿನ 2025ರ ಮೇ ಸಂಘರ್ಷದಲ್ಲಿ ನಮ್ಮ ವರದಿಗಾರರೂ ಗಡಿಯಿಂದ ಸುದ್ದಿ ಕಳಿಸಿದರು. ನಾಳೆ ಅವರ ಮೇಲೆ ದಾಳಿಯಾದರೆ, ನಾವೇ ಒಪ್ಪದ ಕಾನೂನಿನ ಹೆಸರು ಹೇಳಿ ಜಗತ್ತಿನ ಮುಂದೆ ಗಟ್ಟಿಯಾಗಿ ಕೇಳುವುದು ಹೇಗೆ?

ಈ ರಕ್ಷಣೆ ಶತ್ರುದೇಶದ ವರದಿಗಾರನಿಗೂ, ನಮಗೆ ಹಿಡಿಸದ ಸುದ್ದಿವಾಚಕನಿಗೂ ಸಿಗಬೇಕು. ನಮ್ಮವರಿಗೆ ಮಾತ್ರ ಸಾಕು ಎಂದರೆ ನಾಳೆ ನಮ್ಮವರಿಗೂ ಸಿಗದು. ಆದ್ದರಿಂದ ಪ್ರೋಟೋಕಾಲಿನ ಅಂಗೀಕಾರದ ಪ್ರಸ್ತಾವವನ್ನು ಸಚಿವ ಸಂಪುಟದ ಮುಂದಿಡಿ, ಸರ್ಕಾರದ ನಿಲುವನ್ನು ಸಂಸತ್ತಿನಲ್ಲಿ ಬಹಿರಂಗವಾಗಿ ತಿಳಿಸಿ ಎಂದು ವಿನಂತಿಸುತ್ತೇನೆ.

ಇಂತಿ,
ಉಮರ್ಗಾದ ಒಬ್ಬ ಕನ್ನಡಿಗ